ಏಕಾದಶಿಯ ಸೂಪು

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ಗಾದೆ. ನನಗೆ ಊಟ ಬರುತ್ತದೆ. ಅದರಲ್ಲಿ ಯಾರಿಗೂ ಸಂಶಯವಿಲ್ಲ. ನನ್ನ ಪಕ್ಕದ ಎಲೆಯಲ್ಲಿ ಕೂತವರನ್ನು ಕೇಳಿದರೆ ಹೇಳುತ್ತಾರೆ. ಬಾರದಿರುವುದು ಮಾತು. ಅಂದರೆ ಆಡಲು ಬಾರದು ಎಂದಲ್ಲ, ನಿಲ್ಲಿಸಲು ಬಾರದು. ಯಾರಾದರೂ ತಮ್ಮ ಮನೆಯ ಬಾವಿ ಬಹಳ ಆಳ ಎಂದರೆ ನಮ್ಮದು ಇನ್ನೂ ಆಳ ಎನ್ನದಿದ್ದರೆ ನನಗೆ ಊಟ ಸೇರುವುದಿಲ್ಲ. ನಮ್ಮ ಮನೆಯಲ್ಲಿ ಬಾವಿಯೇ ಇಲ್ಲ, ಅದು ಬೇರೆ ಮಾತು. ಒಮ್ಮೆ ಒಂದು ಮದುವೆಮನೆಯಲ್ಲಿ ಯಾರೋ ತಮ್ಮ ಭಾವಮೈದುನ ವೀಣೆ ನುಡಿಸುತ್ತಾನೆ ಎಂದರು. ನಾನೂ ನುಡಿಸುತ್ತೇನೆ ಎಂದುಬಿಟ್ಟೆ. ಸಂಜೆಗೆ ನಿಜವಾಗಿ ವೀಣೆ ತಂದು ಮುಂದಿಟ್ಟರು. ಉಗುರುಸುತ್ತು ಎಂದು ಬೆರಳಿಗೆ ಬಟ್ಟೆ ಸುತ್ತಿಕೊಂಡು ಮದುವೆ ಮುಗಿಯುವ ತನಕ ಎಡಗೈಯಲ್ಲಿ ಕಾಫಿ ಕುಡಿದೆ. ಆದರೆ ಎಲ್ಲಾ ಸಲವೂ ಬಟ್ಟೆ ಸುತ್ತಿಕೊಂಡು ತಪ್ಪಿಸಿಕೊಳ್ಳಲು ಆಗುವುದಿಲ್ಲ.

ಐವತ್ತರ ದಶಕದ ಕೊನೆಯ ಮಾತು. ನಾವು ಆಗ ಮದರಾಸಿನ ತಿರುವಲ್ಲಿಕ್ಕೇಣಿಯಲ್ಲಿದ್ದೆವು. ನಾವೆಂದರೆ ನಾನು, ನನ್ನ ಹೆಂಡತಿ ರುಕ್ಮಿಣಿ, ಮತ್ತು ನನ್ನ ತಾಯಿ. ನಾನು ಸಮುದ್ರದ ಎದುರಿನ ಒಂದು ಇಂಗ್ಲಿಷ್ ಕಂಪನಿಯಲ್ಲಿ ಗುಮಾಸ್ತ. ನೀರೆತ್ತುವ ಪಂಪುಗಳನ್ನು ಮಾರುವ ಕಂಪನಿ ಅದು. ಸ್ವಾತಂತ್ರ್ಯ ಬಂದು ಎಷ್ಟೋ ವರ್ಷವಾಗಿದ್ದರೂ ಮ್ಯಾನೇಜರು ಇಂಗ್ಲೆಂಡಿನವರೇ. ಡಿಕ್ಸನ್ ಎಂದು ಹೆಸರು. ಮದರಾಸಿನ ವಾಡಿಕೆಯಂತೆ ನಾವೆಲ್ಲ ದೊರೆ ಎನ್ನುತ್ತಿದ್ದೆವು. ಕಂಪನಿ ಕಲ್ಕತ್ತೆಯಲ್ಲಿ ಹೊಸ ಶಾಖೆ ತೆರೆಯುತ್ತದೆ, ಇಲ್ಲಿಂದ ಒಬ್ಬನನ್ನು ಕಳಿಸುತ್ತಾರೆ, ಅದು ನಾನು ಇಲ್ಲವೇ ನನ್ನ ಪಕ್ಕದ ಮೇಜಿನ ವೆಂಕಟಾಚಲಂ ಎಂದು ಆಫೀಸಿನಲ್ಲೆಲ್ಲ ಗೊತ್ತಾಗಿಬಿಟ್ಟಿತ್ತು. ತೀರ್ಮಾನ ದೊರೆಯ ಕೈಯಲ್ಲಿ. ನನಗೆ ಎದೆಯಲ್ಲಿ ಅವಲಕ್ಕಿ ಕುಟ್ಟಿದ ಹಾಗೆ ಆಗುತ್ತಿತ್ತು. ನನ್ನ ತಾಯಿಗೆ ಕಣ್ಣು ಮಂಜಾಗಿತ್ತು. ಮನೆಯಿಂದ ಪಾರ್ಥಸಾರಥಿ ಗುಡಿಯವರೆಗಿನ ದಾರಿ ಅವರಿಗೆ ಕಾಲಿನಲ್ಲೇ ಗೊತ್ತು. ಹೂವಿನವಳ ದನಿ ಕೇಳಿದರೆ ಎಡಕ್ಕೆ, ಕೊಳದ ತಂಪು ಗಾಳಿ ತಗುಲಿದರೆ ನೇರಕ್ಕೆ. ಈ ವಯಸ್ಸಿನಲ್ಲಿ ಅವರನ್ನು ಎತ್ತಿ ಭಾಷೆ ಗೊತ್ತಿಲ್ಲದ ಊರಿನಲ್ಲಿ ಇಡುವುದೆಂದರೆ ನೆನೆದರೇ ಸಂಕಟವಾಗುತ್ತಿತ್ತು. ಬೇಡ ಎಂದು ದೊರೆಗೆ ಬಾಯಿಬಿಟ್ಟು ಹೇಳುವಂತಿಲ್ಲ; ಹೇಳಿದರೆ ಕೆಲಸಕ್ಕೇ ಬೇಡವಾಗುತ್ತೇವೆ. ಹಾಗಾಗಿ ನಾನು ಒಂದು ಸಿದ್ಧಾಂತ ಕಂಡುಹಿಡಿದೆ. ತನಗೆ ಬೇಕಾದವನನ್ನು ಯಾರೂ ದೂರ ಕಳಿಸುವುದಿಲ್ಲ. ದೊರೆಗೆ ನಾನು ಬೇಕಾದವನಾಗಬೇಕು, ಅಷ್ಟೆ.

ಮಾರ್ಗಶಿರದ ಒಂದು ಮಳೆ ಹಿಡಿದ ಮಧ್ಯಾಹ್ನ ಸಹಿಗೆ ಕಾಗದ ಹಿಡಿದು ಒಳಗೆ ಹೋದೆ. ದೊರೆ ಕಿಟಕಿಯಿಂದ ಸಮುದ್ರವನ್ನು ನೋಡುತ್ತ ನಿಂತಿದ್ದರು. ಇಂಥ ದಿನ ತಮ್ಮ ತಾಯಿ ಬೀನ್ಸ್ ಮತ್ತು ಹ್ಯಾಮಿನ ಸೂಪು ಮಾಡುತ್ತಿದ್ದರು ಎಂದರು. ಬೆಳಗಿನಿಂದ ಒಲೆಯ ಮೇಲೆ ಬೇಯುತ್ತಿತ್ತಂತೆ, ಚಮಚ ನಿಲ್ಲಿಸಿದರೆ ನಿಲ್ಲುವಷ್ಟು ಗಟ್ಟಿ, ಒಂದು ಬಟ್ಟಲು ಕುಡಿದರೆ ಹೊರಗೆ ಹಿಮ ಬೀಳುತ್ತಿರುವುದೇ ಮರೆತುಹೋಗುತ್ತಿತ್ತಂತೆ. ಈ ಊರಿನಲ್ಲಿ ಆ ರುಚಿ ಎಲ್ಲೂ ಸಿಗಲಿಲ್ಲ ಎಂದು ನಿಟ್ಟುಸಿರಿಟ್ಟರು. ಅಲ್ಲಿ ನಾನು ಅಯ್ಯೋ ಪಾಪ ಎಂದು ಸಹಿ ಹಾಕಿಸಿಕೊಂಡು ಹೊರಗೆ ಬರಬೇಕಿತ್ತು. ‘ನನ್ನ ಹೆಂಡತಿ ಮಾಡುತ್ತಾಳೆ, ಸರ್’ ಎಂದೆ. ದೊರೆ ತಿರುಗಿ ನನ್ನ ಹಣೆಯ ಅಂಗಾರ ಅಕ್ಷತೆಯನ್ನು ನೋಡಿದರು. ‘ಹ್ಯಾಮ್ ಹಾಕಿಯೇ?’ ಎಂದು ಕೇಳಿದರು. ‘ಹ್ಯಾಮ್ ಇಲ್ಲದೆ, ಸರ್. ಆದರೆ ಅದೇ ರುಚಿ’ ಎಂದೆ. ದೊರೆ ಮೊದಲ ಬಾರಿಗೆ ನಕ್ಕಿದ್ದನ್ನು ಕಂಡೆ. ‘ಅದನ್ನು ನೋಡಲೇಬೇಕು. ಶನಿವಾರ ಸಂಜೆ ಬರುತ್ತೇನೆ. ಭಾನುವಾರ ಕಲ್ಕತ್ತೆಗೆ ಹೊರಡುವವನಿದ್ದೇನೆ’ ಎಂದರು. ಹೊರಡುವ ಮೊದಲು ಅವರು ಹೆಸರು ತೀರ್ಮಾನಿಸಲೇಬೇಕು; ಶನಿವಾರಕ್ಕೆ ನನ್ನ ಹಣೆಬರಹ ನಿಶ್ಚಯವಾಗುತ್ತದೆ ಎಂದಾಯಿತು.

ರುಕ್ಮಿಣಿ ಮೈಸೂರಿನವಳು. ನಮ್ಮ ಮನೆಯ ತಮಿಳು ಬೆರೆತ ಕನ್ನಡವನ್ನು ಕೇಳಿ ಮದುವೆಯಾದ ಹೊಸದರಲ್ಲಿ ಸೆರಗು ಬಾಯಿಗೆ ಇಟ್ಟುಕೊಂಡು ನಗುತ್ತಿದ್ದವಳು. ಆ ದಿನ ನಗಲಿಲ್ಲ. ‘ಹ್ಯಾಮ್ ಅಂದ್ರೇನು?’ ಎಂದಳು. ಹಂದಿಯ ತೊಡೆ, ಉಪ್ಪು ಹಚ್ಚಿ ಹೊಗೆ ಹಾಕಿ ಇಟ್ಟದ್ದು ಎಂದೆ. ‘ಅಯ್ಯೋ ರಾಮ! ಮೆಲ್ಲಗೆ ಹೇಳಿ, ಅತ್ತೆಗೆ ಕೇಳಿಸೀತು! ರೀ, ನಿಮಗೇನು ಬುದ್ಧಿಗಿದ್ದಿ ಇದೆಯಾ? ಈ ಮನೆಯಲ್ಲಿ ಈರುಳ್ಳಿ ಹೊಸಲು ದಾಟಲ್ಲ. ನಾನು ಹಂದಿ ರುಚಿ ಎಲ್ಲಿಂದ ತರಲಿ?’ ಎಂದು ಒಳಗೆ ಹೋಗಿ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡಳು. ಸ್ವಲ್ಪ ಹೊತ್ತಿಗೆ ಪಾತ್ರೆಯ ಸದ್ದು ನಿಂತಿತು. ಬಾಗಿಲಿಗೆ ಬಂದು, ‘ಉಪ್ಪು, ಹೊಗೆ, ಜಿಡ್ಡು, ಅಗಿಯೋಕೆ ಏನೋ ಒಂದು. ಅಷ್ಟೇ ತಾನೆ?’ ಎಂದಳು. ಒಣ ಅವರೆಕಾಳು ಇದೆ, ಹೊಗೆಗೆ ಕರಟದ ಕೆಂಡದ ಮೇಲೆ ತುಪ್ಪ ಬಿಟ್ಟು ಮುಚ್ಚಿದರಾಯಿತು, ಅಗಿಯುವುದಕ್ಕೆ ಸುವರ್ಣಗಡ್ಡೆ ಎಂದು ಅವಳೇ ಲೆಕ್ಕ ಹಾಕಿದಳು. ನನಗೆ ಹೋದ ಜೀವ ಬಂದಂತಾಯಿತು. ಅಂದಿನಿಂದ ಶುಕ್ರವಾರದವರೆಗೆ ನಾನು ಆಫೀಸಿನಲ್ಲಿ ವೆಂಕಟಾಚಲಂನನ್ನು ಕರುಣೆಯಿಂದ ನೋಡಿದೆ. ಕಲ್ಕತ್ತೆಯ ಚಳಿಗೆ ಉಣ್ಣೆಯ ಮಫ್ಲರ್ ಒಳ್ಳೆಯದು ಎಂದು ಸಲಹೆಯನ್ನೂ ಕೊಟ್ಟೆ.

ಶುಕ್ರವಾರ ರಾತ್ರಿ ಮಣೆ ಹಾಕಿಕೊಂಡು ಕೂತೆ. ಎಲೆ ಬರಲಿಲ್ಲ. ಅಮ್ಮ ಜಪದ ಮಣಿ ತಿರುಗಿಸುತ್ತ, ‘ಏನ್ಡಾ ಶೀನು, ಇವತ್ತು ದಶಮಿ ಅಲ್ವಾ? ರಾತ್ರಿ ಊಟ ಏದು?’ ಎಂದರು. ದಶಮಿಯ ರಾತ್ರಿ ನಮ್ಮಲ್ಲಿ ಊಟವಿಲ್ಲ; ಇವತ್ತು ದಶಮಿ ಎಂದರೆ ನಾಳೆ ಏಕಾದಶಿ. ನನಗೆ ಭೂಮಿ ಬಾಯಿಬಿಟ್ಟಂತಾಯಿತು. ನಮ್ಮ ಮಾಧ್ವರ ಏಕಾದಶಿ ಏನೆಂದು ತಿಳಿಯದವರಿಗೆ ಹೇಳುತ್ತೇನೆ. ಆ ದಿನ ಒಲೆ ಹಚ್ಚುವುದಿಲ್ಲ. ದೇವರಿಗೇ ನೈವೇದ್ಯವಿಲ್ಲ. ಅಮ್ಮ ಹನಿ ನೀರೂ ಕುಡಿಯುವುದಿಲ್ಲ. ಆ ದಿನ ಅನ್ನದಲ್ಲಿ, ಕಾಳಿನಲ್ಲಿ ಲೋಕದ ಪಾಪವೆಲ್ಲ ಬಂದು ಕೂತಿರುತ್ತದೆ ಎಂದು ನಂಬಿಕೆ. ನಾನು ಮುಖ್ಯ ಅತಿಥಿಯನ್ನು ಕಾಳಿನ ಸೂಪಿಗೆ ಕರೆದಿದ್ದೆ. ರುಕ್ಮಿಣಿ ನನ್ನನ್ನು ನೋಡಿದ ನೋಟಕ್ಕೆ ಅವರೆಕಾಳು ನೀರಿಲ್ಲದೆ ಬೇಯಬೇಕಿತ್ತು.

ಅಮ್ಮನ ಮುಂದೆ ಕೂತು ಎಲ್ಲ ಹೇಳಿದೆ. ಹಂದಿಯೊಂದನ್ನು ಬಿಟ್ಟು. ಅಮ್ಮ ಹೌಹಾರಿದರು. ‘ಪೈತ್ಯ ಹಿಡ್ದಿದ್ಯಾ ನಿಂಗೆ? ನಿಮ್ಮಪ್ಪ ಜ್ವರದಲ್ಲಿ ಮಲಗಿದ್ದಾಗಲೂ ಏಕಾದಶಿ ದಿನ ಈ ಮನೇಲಿ ಗಂಜಿ ಬೇಯ್ಲಿಲ್ಲ’ ಎಂದರು. ಬಹಳ ಹೊತ್ತಿನ ಮೇಲೆ, ‘ಅವನು ಬರ್ಲಿಲ್ಲಾಂದ್ರೆ ನಿನ್ನ ಕಲ್ಕತ್ತೆಗೆ ಕಳಿಸ್ಬಿಡ್ತಾನಾ?’ ಎಂದು ಕೇಳಿದರು. ಕಳಿಸಬಹುದು ಎಂದೆ. ಅಮ್ಮ ಕೈ ಚಾಚಿ ನನ್ನ ಮೊಣಕಾಲನ್ನು ಹುಡುಕಿ ಮುಟ್ಟಿದರು. ‘ಹಿತ್ಲಲ್ಲಿ ಇದ್ದಲ ಒಲೆ ಹಚ್ಚಿ ಮಾಡಿ. ಅಡಿಗೆಮನೆ ಬೇಡ. ಯಾರೂ ನಾಲಿಗೆಗೆ ಇಡ್ಬೇಡಿ. ಪಾಪ ಬಂದ್ರೆ ನನ್ನ ತಲೆ ಮೇಲಿರ್ಲಿ’ ಎಂದರು. ಎಪ್ಪತ್ತು ದಾಟಿದ ಜೀವ ನನಗಾಗಿ ತನ್ನ ಪುಣ್ಯವನ್ನು ಪಣಕ್ಕಿಟ್ಟಿತ್ತು.

ಶನಿವಾರ ಆಫೀಸು ಅರ್ಧ ದಿನ. ಓಡಿಬಂದೆ. ಬೀದಿ ಮೂಲೆಯ ಉಡುಪಿ ಹೋಟೆಲಿನಿಂದ ಪಿಂಗಾಣಿ ಬಟ್ಟಲು, ಚಮಚ ಕೇಳಿ ತಂದೆ. ನಮ್ಮ ಮನೆಯಲ್ಲಿ ಇದ್ದ ಚಮಚವೆಂದರೆ ಸಂಧ್ಯಾವಂದನೆಯ ಉದ್ಧರಣೆ ಒಂದೇ. ಹಿತ್ತಿಲಲ್ಲಿ ರುಕ್ಮಿಣಿ ಉಪವಾಸದ ಹೊಟ್ಟೆಯಲ್ಲಿ, ಉರಿಯುವ ಕಣ್ಣಿನಲ್ಲಿ ಒಲೆಯ ಮುಂದೆ ಕೂತಿದ್ದಳು. ಅವರೆಕಾಳು ಬೆಂದು ಕರಗಿ ಗಟ್ಟಿಯಾಗಿತ್ತು. ಇಂಗು, ಶುಂಠಿ, ಮೆಣಸು ಬಿದ್ದಿತ್ತು. ತುಪ್ಪದಲ್ಲಿ ಕೆಂಪಗೆ ಹುರಿದ ಗಡ್ಡೆಯ ಹೋಳುಗಳನ್ನು ಕೆಂಡದ ಹೊಗೆಯಲ್ಲಿ ಮುಚ್ಚಿಟ್ಟಿದ್ದಳು. ಉಪ್ಪು ಸರಿಯಾಗಿದೆಯೇ ಎಂದು ಕೇಳಿದೆ. ‘ನನಗೆ ಹೇಗೆ ಗೊತ್ತು? ದೇವರನ್ನ ಕೇಳಿ. ಅವನೂ ಇವತ್ತು ಉಪವಾಸ’ ಎಂದಳು. ಆಮೇಲೆ ತಗ್ಗಿದ ದನಿಯಲ್ಲಿ, ‘ಉಪ್ಪಿನದು ಬಿಡಿ. ಗಡ್ಡೆ ಯಾವ ಜಾತಿಯದೋ ಏನೋ. ಹುಣಸೆನೀರಲ್ಲಿ ಬೇಯಿಸಿದೀನಿ. ಆದರೂ ಕೆಲವು ಗಡ್ಡೆ ಗಂಟಲು ತುರಿಸುತ್ತೆ’ ಎಂದಳು. ಸುವರ್ಣಗಡ್ಡೆಯ ತುರಿಕೆ ಅನುಭವಿಸಿದವರಿಗೆ ಮಾತ್ರ ನನ್ನ ಆಗಿನ ಅವಸ್ಥೆ ಅರ್ಥವಾದೀತು. ನಮ್ಮ ಸೋದರತ್ತೆ ಒಬ್ಬರು ಅದನ್ನು ತಿಂದು ಒಂದು ಮಧ್ಯಾಹ್ನ ಪೂರ್ತಿ ಬೆಕ್ಕಿನಂತೆ ಕೆರೆದುಕೊಂಡಿದ್ದರು. ಒಂದು ಹೋಳು ಬಾಯಿಗೆ ಹಾಕಿದರೆ ತಿಳಿದುಬಿಡುತ್ತದೆ. ನನ್ನ ಕೈ ಮುಂದಕ್ಕೆ ಹೋಯಿತು. ಒಳಗಿನಿಂದ ಅಮ್ಮನ ಜಪದ ದನಿ ಕೇಳಿಸಿತು. ಕೈಯನ್ನು ಹಿಂದಕ್ಕೆ ತೆಗೆದುಕೊಂಡೆ.

ದೊರೆ ಹೇಳಿದ ಹೊತ್ತಿಗೆ ಸರಿಯಾಗಿ ಬಂದರು. ನಮ್ಮ ಬಾಗಿಲಿಗೆ ತಲೆ ತಗ್ಗಿಸಿ ಒಳಗೆ ಬಂದು ನಡುಮನೆಯಲ್ಲಿ ನನ್ನ ಮೇಜಿನ ಮುಂದೆ ಕೂತರು. ಮೇಜಿಗೆ ನನ್ನ ಮದುವೆಯ ಧೋತ್ರ ಹಾಸಿದ್ದೆವು. ನೀನೂ ಕೂತುಕೋ ಎಂದರು. ಇವತ್ತು ನಮಗೆಲ್ಲ ಉಪವಾಸ ಎಂದೆ. ಅವರು ಬಟ್ಟಲನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. ಅಡಿಗೆ ಮಾಡಿದವರೇ ಮುಟ್ಟದ ಅಡಿಗೆಯನ್ನು ನಾನಾಗಿದ್ದರೆ ಮುಟ್ಟುತ್ತಿರಲಿಲ್ಲ. ಒಂದು ಚಮಚ ಬಾಯಿಗೆ ಹೋಯಿತು. ದೊರೆ ಮತ್ತೆ ಚಮಚ ಅದ್ದಿದರು. ಒಂದು ಹೋಳನ್ನು ಅಗಿದರು, ನುಂಗಿದರು. ನಾನು ಅವರ ಗಂಟಲನ್ನೇ ನೋಡುತ್ತಿದ್ದೆ. ಬಾಗಿಲ ಹಿಂದೆ ರುಕ್ಮಿಣಿಯ ಬಳೆಯೂ ಸದ್ದು ಮಾಡಲಿಲ್ಲ. ಇದ್ದಕ್ಕಿದ್ದಂತೆ ದೊರೆ ಚಮಚ ಕೆಳಗಿಟ್ಟರು. ಕೈ ಗಂಟಲಿನ ಹತ್ತಿರ ಹೋಯಿತು. ‘ಊಂ, ಊಂ’ ಎಂದು ಗಂಟಲು ಸರಿಮಾಡಿಕೊಂಡರು. ಮುಗಿಯಿತು, ಹೌರಾ ಮೇಲ್ ರೈಲಿಗೆ ಜಾಗ ಕಾಯ್ದಿರಿಸಬಹುದು ಎಂದುಕೊಂಡೆ. ದೊರೆ ಕಾಲರಿನ ಗುಂಡಿಯನ್ನು ಸಡಿಲಿಸಿಕೊಂಡು, ಬಟ್ಟಲನ್ನು ನನ್ನ ಕಡೆ ಸರಿಸಿ, ‘ಇನ್ನೂ ಇದೆಯೇ?’ ಎಂದರು.

ಇತ್ತು. ಅದೂ ಆಯಿತು, ಅದರ ಮೇಲಿನದೂ ಆಯಿತು. ಉಳಿದ ಸ್ವಲ್ಪವನ್ನು ರುಕ್ಮಿಣಿ ಜಗುಲಿಯಲ್ಲಿ ಕೂತಿದ್ದ ಕಾರಿನ ಡ್ರೈವರಿಗೆ ಬಡಿಸಿದಳು. ಅವನು ಬೀದಿಗೆಲ್ಲ ಕೇಳುವಂತೆ, ‘ಅಮ್ಮಾ, ಕರಿಕೊಳಂಬು ತೋತ್ತುದು ಪೋಂಗೊ!’ ಎಂದ. ಮಾಂಸದ ಸಾರು ಇದರ ಮುಂದೆ ಸೋತಿತು ಎಂದು ಅರ್ಥ. ಒಳಗೆ ಜಪದ ದನಿ ಗಕ್ಕನೆ ನಿಂತಿತು. ದೊರೆ ಮಾತ್ರ ಸಂತೋಷದಲ್ಲಿದ್ದರು. ಹೊರಡುವಾಗ ನನ್ನ ಹೆಗಲ ಮೇಲೆ ಕೈಯಿಟ್ಟರು. ‘ನಮ್ಮ ತಾಯಿಯ ಸೂಪಿನ ಹಾಗೆ ಇರಲಿಲ್ಲ. ಅದಕ್ಕಿಂತ ಚೆನ್ನಾಗಿತ್ತು. ಇದನ್ನು ಅವರಿಗೆ ಬರೆಯುವುದಿಲ್ಲ’ ಎಂದು ನಕ್ಕರು. ನನ್ನ ಸಿದ್ಧಾಂತ ಗೆದ್ದಿತು. ದೊರೆ ಕಾರಿನ ಬಾಗಿಲು ತೆರೆದು, ಒಂದು ಕಾಲು ಒಳಗಿಟ್ಟು, ಮತ್ತೆ ಹೇಳಿದರು: ‘ಕಲ್ಕತ್ತೆಯ ಶಾಖೆಯಲ್ಲಿ ಇನ್ನೂ ಮೇಜಿಲ್ಲ, ಕುರ್ಚಿಯಿಲ್ಲ, ಫೋನಿಲ್ಲ, ಜನರಿಲ್ಲ. ಎಲ್ಲ ಇದ್ದರೆ ವೆಂಕಟಾಚಲಂ ನಡೆಸುತ್ತಾನೆ. ಏನೂ ಇಲ್ಲದೆ ನಡೆಸುವವನು ಯಾರು ಎಂದು ಯೋಚನೆಯಾಗಿತ್ತು. ಹ್ಯಾಮ್ ಇಲ್ಲದೆ ಹ್ಯಾಮ್ ಸೂಪು ಮಾಡುವ ಮನೆಯವನು ನೀನು. ಮುಂದಿನ ತಿಂಗಳು ಹೊರಡು.’ ಕಾರು ಹೋಯಿತು. ಬೀದಿಯಲ್ಲಿ ನಾನು, ನನ್ನ ಕೈಯಲ್ಲಿ ಹೋಟೆಲಿನ ಚಮಚ.

ಆ ರಾತ್ರಿ ಅಮ್ಮನಿಗೆ ಹೇಳಲಿಲ್ಲ. ಬೆಳಗ್ಗೆ ದ್ವಾದಶಿ ಪಾರಣೆಯಾಗಲಿ, ಹೊಟ್ಟೆಗೆ ನಾಲ್ಕು ತುತ್ತು ಬೀಳಲಿ ಎಂದು ಕಾದೆ. ಅಗಸೆಸೊಪ್ಪಿನ ಪಲ್ಯ, ಅನ್ನ, ತಿಳಿಸಾರು ಎಲ್ಲ ಮುಗಿದು ಅವರು ಕೈತೊಳೆದು ಬಂದ ಮೇಲೆ ತಲೆ ತಗ್ಗಿಸಿ ಹೇಳಿದೆ. ಅಮ್ಮ ಸೆರಗಿಗೆ ಕೈ ಒರೆಸಿಕೊಂಡರು. ‘ಆಗ್ದೆ ಇರುತ್ತಾ? ಏಕಾದಶಿ ದಿನ ಒಲೆ ಹಚ್ಚಿ, ಅದ್ರಲ್ಲೂ ಕರಿಕೊಳಂಬು ಮಾದಿರಿ ಮಾಡಿದ್ರೆ ಕೃಷ್ಣ ಸುಮ್ನೆ ಇರ್ತಾನಾ?’ ಎಂದರು. ನಾನು ಕ್ಷಮಿಸು ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅಮ್ಮನೇ, ‘ಕಲ್ಕತ್ತೇಲಿ ಗಂಗೆ ಇದ್ದಾಳೆ ಅಲ್ವಾಡಾ?’ ಎಂದರು. ಇದ್ದಾಳೆ, ಅಲ್ಲಿ ಹೂಗ್ಲಿ ಎನ್ನುತ್ತಾರೆ ಎಂದೆ. ‘ಏನಾದ್ರೂ ಅಂದ್ಕೊಳ್ಲಿ. ಪಾಪ ಮಾಡಿಸಿದ್ದೂ ಆ ಕೃಷ್ಣನೇ, ಪ್ರಾಯಶ್ಚಿತ್ತಕ್ಕೆ ದೊರೆ ಕೈಲಿ ಟಿಕೀಟು ಕೊಡಿಸಿದ್ದೂ ಅವನೇ. ನನ್ನ ಜನ್ಮದಲ್ಲಿ ಗಂಗಾಸ್ನಾನ ಆಗೋದಿಲ್ಲಾಂತ ಇದ್ದೆ’ ಎಂದು ಕೈಜೋಡಿಸಿದರು. ‘ಅಲ್ಲಮ್ಮ, ನಿನ್ನ ಕಣ್ಣು...’ ಎಂದೆ. ‘ಮುಳುಗೋದಕ್ಕೆ ಕಣ್ಣು ಯಾಕೋ?’ ಎಂದು ಎದ್ದು ಗೋಡೆ ಹಿಡಿದು ಪೆಟ್ಟಿಗೆಯ ಕಡೆ ನಡೆದರು. ರುಕ್ಮಿಣಿ ಆಗಲೇ ಪೆಟ್ಟಿಗೆ ಕೆಳಗಿಳಿಸಿದ್ದಳು. ಹೊಸ ಊರು ನೋಡುವ ಉತ್ಸಾಹ ಅವಳ ಮುಖದಲ್ಲಿ ಎದ್ದು ಕಾಣುತ್ತಿತ್ತು.

ನಾನೊಬ್ಬ ಅಲ್ಲೇ ಕೂತಿದ್ದೆ. ಸಂಜೆಯ ಸಮುದ್ರದ ಗಾಳಿ, ಮೂಲೆಯ ಹೋಟೆಲಿನ ಕಾಫಿ, ಕೊಳದ ಕಟ್ಟೆಯ ಹರಟೆ ಒಂದೊಂದಾಗಿ ಕಣ್ಣಮುಂದೆ ಬಂದವು. ಅಮ್ಮ ಈ ಊರು ಬಿಡಲಾರರು ಎಂದು ಇಷ್ಟು ದಿನ ರುಕ್ಮಿಣಿಯ ಹತ್ತಿರ ಹೇಳಿಕೊಂಡು ಬಂದಿದ್ದೆ. ರುಕ್ಮಿಣಿ ಸೀರೆ ಮಡಿಸುತ್ತ ನನ್ನನ್ನು ನೋಡಿ, ‘ಅತ್ತೆಗೆ ಕಷ್ಟವಾಗುತ್ತೆ ಅಂತಿದ್ರಿ. ಅತ್ತೆ ನಗ್ತಿದಾರೆ. ನಿಮ್ಮ ಕಣ್ಣಲ್ಲಿ ಯಾಕೆ ನೀರು?’ ಎಂದಳು. ಒಲೆಯ ಹೊಗೆ ಎಂದೆ. ಒಲೆ ಆರಿ ಬಹಳ ಹೊತ್ತಾಗಿತ್ತು.