ಸತ್ಯಾತ್ಮನ ನೆಟ್ಟನೆಯ ನಡು

ಗಾಂಧಿನಗರದ ಸತ್ಯಾತ್ಮನಿಗೆ ನಡು ನೋವು ಮೊದಲು ಅರ್ಜಿಗೆ ಬಂತು, ಆಮೇಲೆ ನಡುವಿಗೆ ಬಂತು.

ಬಳ್ಳಾರಿಯ ಒಂದು ಸರ್ಕಾರಿ ಕಚೇರಿಯಲ್ಲಿ ಅವನು ಗುಮಾಸ್ತ. ಕುರ್ಚಿ ಸರಿಯಾಗಿ ಫ್ಯಾನಿನ ಕೆಳಗೆ. ಬಳ್ಳಾರಿಯ ಬಿಸಿಲು ಕಂಡವರಿಗೆ ಅಂಥ ಕುರ್ಚಿಯ ಮಹಿಮೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ಕುರ್ಚಿಯಿಂದ ಎಬ್ಬಿಸಿ ಅವನನ್ನು ತೆಕ್ಕಲಕೋಟೆಗೆ ವರ್ಗ ಮಾಡಿದರು. ‘ನಡು ನೋವು, ದಿನಾ ಓಡಾಟ ಆಗದು’ ಎಂದು ಸತ್ಯಾತ್ಮ ಬರೆದುಕೊಟ್ಟ. ನೋವು ಇರಲಿಲ್ಲ. ಮೇಲಿನವರು, ಹಾಗಾದರೆ ದೊಡ್ಡಾಸ್ಪತ್ರೆಯಲ್ಲಿ ತೋರಿಸು ಎಂದರು. ಡಾಕ್ಟರು ನೋವಿದೆ ಎಂದರೆ ಕುರ್ಚಿ ಉಳಿಯಿತು, ಇಲ್ಲವೆಂದರೆ ತೆಕ್ಕಲಕೋಟೆ.

ತೋರಿಸುವ ದಿನ ಬಂತು. ಸುಳ್ಳಿಗೆ ದೇವರ ಬೆಂಬಲವೂ ಇರಲಿ ಎಂದು ಅವತ್ತು ಮಡಿನೀರು ತಾನೇ ಸೇದಲು ಹಿತ್ತಲಿಗೆ ಹೋದ. ದಿನಾ ಸೇದುವವರು ಅವನ ತಾಯಿ ಅಂಬುಜಮ್ಮ. ಅವರು ಅರ್ಧರ್ಧ ಕೊಡ ಒಯ್ಯುತ್ತಿದ್ದರು. ಸತ್ಯಾತ್ಮ ಕಂಠದವರೆಗೆ ತುಂಬಿಸಿದ. ಒದ್ದೆ ಪಂಚೆಯಲ್ಲಿ ನಿಂತು, ದೂರದಲ್ಲಿದ್ದ ತಾಮ್ರದ ಕೊಡಪಾನಕ್ಕೆ ಕೈ ಚಾಚಿ, ಮೊಣಕಾಲು ಮಡಿಸದೆ ಜಗ್ಗಿ ಎತ್ತಿದ. ನಡುವಿನಲ್ಲಿ ಹಪ್ಪಳ ಮುರಿದಂತಾಯಿತು. ಕೊಡ ನೆಲಕ್ಕೆ ಕೂತಿತು. ಸತ್ಯಾತ್ಮ ಕೂರಲೂ ಇಲ್ಲ, ನಿಲ್ಲಲೂ ಇಲ್ಲ. ಅರ್ಧ ಮುಚ್ಚಿ ಕೆಟ್ಟ ಛತ್ರಿಯ ಹಾಗೆ ಬಗ್ಗಿದಲ್ಲೇ ಉಳಿದ.

“ಅಮ್ಮಾ, ನಡ ಹಿಡೀತು.”

ಅಡುಗೆಮನೆಯಿಂದ ಅಂಬುಜಮ್ಮ ಕೇಳಿದರು: “ನೀರು ಚೆಲ್ಲಿತೇನೋ?”

“ಇಲ್ಲ.”

“ಹಂಗಾದ್ರ ಸರಿ.”

ಬಗ್ಗಿದಲ್ಲೇ ಸತ್ಯಾತ್ಮನಿಗೆ ಒಂದು ಸಮಾಧಾನ ಹುಟ್ಟಿತು. ಇನ್ನು ಸುಳ್ಳು ಹೇಳುವ ಪಾಪವಿಲ್ಲ. ಹೀಗೇ ಹೋಗಿ ಡಾಕ್ಟರ ಮುಂದೆ ನಿಂತರೆ ಮುಗಿಯಿತು.

ಅಷ್ಟರಲ್ಲಿ ಗೋಡೆಯ ಆಚೆ ಎರಡು ತಲೆ ಕಂಡವು. ಒಂದು ಜೋಗಪ್ಪನದು. ಕುರುಗೋಡಿನ ಹಳೇ ಪೈಲ್ವಾನ, ವಯಸ್ಸಾದ ಮೇಲೆ ಮಗಳ ಮನೆಯಲ್ಲಿದ್ದ. ಇನ್ನೊಂದು ದುರ್ಗೇಶನದು. ಅವನು ಸಿರುಗುಪ್ಪದ ರಸ್ತೆಯಲ್ಲಿ ದಿನಾ ಬೈಕಿನ ಮೇಲೆ ಶಾಲೆಗೆ ಹೋಗಿಬರುವ ಪಿ.ಟಿ. ಮೇಷ್ಟ್ರು. ಮನುಷ್ಯನ ಮೂಳೆ, ಕೀಲು, ತೂಕ ಇವುಗಳ ಮೇಲೆ ಒಂದು ತರಬೇತಿ ಮುಗಿಸಿ ಬಂದಿದ್ದ. ಅಂದಿನಿಂದ ಓಣಿಯವರು ಅವನ ಎದುರಿಗೆ ಬಗ್ಗಿ ಚಪ್ಪಲಿ ಹಾಕಿಕೊಳ್ಳುವುದನ್ನು ಬಿಟ್ಟಿದ್ದರು.

“ಆಚಾರ್ರ, ತಡೀರಿ, ಬಂದೆ,” ಎಂದ ಜೋಗಪ್ಪ. “ಬೆನ್ನ ಮ್ಯಾಲ ಮೊಣಕಾಲಿಟ್ಟು ಒಮ್ಮೆ ಲಟಕ್ಕನಿಸಿದ್ರ ಸಾಕು.”

ಅಂಬುಜಮ್ಮ ಬಾಗಿಲಿಗೆ ಬಂದರು. “ಮುಟ್ಟಬ್ಯಾಡ್ರೀ, ಮಡಿಯೊಳಗಿದ್ದಾನ.”

ಹಾಗೆ ಕಷ್ಟ ಬಂತು. ಮುಟ್ಟಬಹುದಾದ ಅಂಬುಜಮ್ಮನಿಗೆ ಶಕ್ತಿ ಇರಲಿಲ್ಲ. ಶಕ್ತಿ ಇದ್ದವರು ಮುಟ್ಟುವಂತಿರಲಿಲ್ಲ.

“ನನ್ನ ಹಿಂಗೇ ಒಂದು ಆಟೋದಾಗ ಇಡ್ರಿ. ಆಸ್ಪತ್ರಿಗೆ ಹೋಗ್ತೀನಿ,” ಎಂದ ಸತ್ಯಾತ್ಮ.

“ಮಡಿನೀರು ಒಳಗ ತರದ ಎಲ್ಲಿಗೆ ಹೋಗ್ತೀ? ದೇವರ ನೈವೇದ್ಯಕ್ಕ ಅಕ್ಕಿ ತೊಳೀಬೇಕು,” ಎಂದರು ತಾಯಿ.

ದುರ್ಗೇಶ ಗೋಡೆಯ ಮೇಲೆ ಮೊಣಕೈ ಊರಿದ. “ಮುಟ್ಟೋದು ಬ್ಯಾಡ್ರಿ ಅಮ್ಮ. ಬಾಯಿಲೇ ಎಬ್ಬಸ್ತೀನಿ. ಸತ್ಯಣ್ಣಾರ, ಕಬ್ಬಿಣದ ಹಾರಿ ಹಾಕಿ ಬಂಡಿಗಲ್ಲು ಮೀಟೋದು ನೋಡೀರಲ್ಲ? ನಿಮ್ಮ ಬೆನ್ನು ಹಾರಿ ಇದ್ದಂಗ. ಕೊಡ ಮೈಯಿಂದ ದೂರ ಹೋದಷ್ಟೂ ನಡದ ಮ್ಯಾಲ ಹೊರಿ ಹೆಚ್ಚು. ಕೊಡ ತೂಕ ಆಗಿಲ್ಲ, ದೂರ ತೂಕ ಆಗೈತಿ.”

“ಕುಸ್ತಿಯಾಗೂ ಹಂಗ,” ಎಂದ ಜೋಗಪ್ಪ. “ಕಾಲು ಅಗಲಿಸಿ, ಮೈ ತಗ್ಗಿಸಿ ನಿಂತಾಂವನ್ನ ಎಮ್ಮಿ ಬಂದು ಗುದ್ದಿದ್ರೂ ಬೀಳಂಗಿಲ್ಲ.”

“ಈಗ ನಡ ಬಿಟ್ಟು ಮೊಣಕಾಲು ಮಡಸ್ರಿ,” ಎಂದ ದುರ್ಗೇಶ. “ ಕುಂಡಿ ಹಿಂದಕ್ಕ. ಎದಿ ಮ್ಯಾಲ.”

“ಏನಂದ್ರಿ?” ಎಂದರು ಅಂಬುಜಮ್ಮ.

“ಶಾಸ್ತ್ರದಾಗ ಹಂಗ ಐತ್ರಿ ಅಮ್ಮ.”

ಶಾಸ್ತ್ರವೆಂದ ಮೇಲೆ ಅವರು ಸುಮ್ಮನಾದರು.

ಸತ್ಯಾತ್ಮ ಮೆಲ್ಲಗೆ ಮೊಣಕಾಲು ಮಡಿಸಿದ. ಕುಳಿತ. ಕೊಡವನ್ನು ಕೂಸಿನ ಹಾಗೆ ಎದೆಗಪ್ಪಿಕೊಂಡ. “ಈಗ ಕಾಲಿಲೇ ಏಳ್ರಿ, ಬೆನ್ನಿಲೇ ಅಲ್ಲ,” ಎಂದ ದುರ್ಗೇಶ. ಎದ್ದ. ನಡು ನೆಟ್ಟಗಾಯಿತು. ಕೊಡ ಒಳಗೆ ಹೋಯಿತು. ಗೋಡೆಯ ಆಚೆ ಇಬ್ಬರೂ ಚಪ್ಪಾಳೆ ತಟ್ಟಿದರು.

ನೋವು ಮಾತ್ರ ಹೋಗಿರಲಿಲ್ಲ. ಒಂದು ಚೂರು ಬಾಗಿದರೂ ಬೆಂಕಿ ಇಟ್ಟಂತಾಗುತ್ತಿತ್ತು. ನೆಟ್ಟಗಿದ್ದರೆ ಏನೂ ಇಲ್ಲ. ಹಾಗಾಗಿ ಸತ್ಯಾತ್ಮ ಊಟಕ್ಕೂ ನೆಟ್ಟಗೆ ಕೂತ, ಆಟೋವನ್ನೂ ನೆಟ್ಟಗೆ ಹತ್ತಿದ, ಆಗಸ್ಟ್ ಹದಿನೈದರ ಮೆರವಣಿಗೆಯಲ್ಲಿ ಎಲ್ಲರ ಮುಂದೆ ನಡೆಯುವವನ ಹಾಗೆ ಆಸ್ಪತ್ರೆಯೊಳಗೆ ನಡೆದ. ಅರ್ಧ ದಿನ ರಜೆ ಹಾಕಿದ ದುರ್ಗೇಶ ಜೊತೆಗೆ ಬಂದ. ಕೆಲಸವಿಲ್ಲದ ಜೋಗಪ್ಪನೂ ಬಂದ.

ಡಾಕ್ಟರಮ್ಮ ಅವನು ಬಂದ ನಡಿಗೆಯನ್ನು ನೋಡಿದರು. “ಎಷ್ಟು ದಿನದಿಂದ ನೋವು?”

ಅರ್ಜಿಯ ನೋವನ್ನು ಹೇಳಬೇಕೋ ನಿಜದ ನೋವನ್ನೋ ಎಂದು ಸತ್ಯಾತ್ಮ ತೊಡರಿದ. “ಮುಂಜಾನಿಯಿಂದ ಭಾಳ ಅದರೀ.”

“ಆ ಮೂಲೆಯ ಪೆಟ್ಟಿಗೆ ಎತ್ತಿ ಮೇಜಿನ ಮೇಲಿಡ್ರಿ, ನೋಡೋಣ. ನೋವಾದ್ರೆ ಬಿಟ್ಟುಬಿಡ್ರಿ.”

ಬಗ್ಗಿ ನರಳಿದರೆ ಕೆಲಸವಾಗುತ್ತಿತ್ತು. ಆದರೆ ಬೆಂದ ಮೈಗೆ ಬೆಂಕಿಯ ಭಯ. ಅವನು ಮನಸ್ಸನ್ನು ಕೇಳುವ ಮೊದಲೇ ಕಾಲು ಅಗಲವಾದವು, ಮೊಣಕಾಲು ಮಡಿದವು, ಪೆಟ್ಟಿಗೆ ಎದೆಗೆ ಬಂತು. ಎದ್ದ. ಮೇಜಿನ ಮೇಲಿಟ್ಟ. ನೋಯಲಿಲ್ಲ.

ಡಾಕ್ಟರಮ್ಮ ಕನ್ನಡಕ ತೆಗೆದರು. “ಇಲ್ಲಿ ನಡು ನೋವು ಇಲ್ಲದವರೂ ಇಷ್ಟು ಚೆನ್ನಾಗಿ ಎತ್ತೋದಿಲ್ಲ.”

“ಇಲ್ಲ ಮೇಡಂ, ಖರೇನ ನೋವದ, ನೋಡ್ರಿ,” ಎಂದು ಸತ್ಯಾತ್ಮ ಧೈರ್ಯ ಮಾಡಿ ಮುಂದೆ ಬಗ್ಗಿದ. ಬೆಂಕಿ ಬಿತ್ತು. ಕೂಗಿದ ಕೂಗಿಗೆ ಹೊರಗಿನ ಸಾಲು ಇಣುಕಿತು.

“ಮೊದಲೇ ಕೂಗಬೇಕಿತ್ತು,” ಎಂದರು ಡಾಕ್ಟರಮ್ಮ. “ಪೆಟ್ಟಿಗೆ ಎತ್ತಿದ ಮೇಲೆ ಕೂಗಿದರೆ ಯಾರು ನಂಬ್ತಾರೆ?”

ಬಾಗಿಲಲ್ಲಿ ನಿಂತಿದ್ದ ಜೋಗಪ್ಪ ತನ್ನವನ ಮರ್ಯಾದೆ ಉಳಿಸಲು ಮುಂದೆ ಬಂದ. “ಇದೇನ್ರಿ ತಾಯಿ, ಸಣ್ಣ ಪೆಟ್ಟಿಗಿ. ಮುಂಜಾಲಿ ತುಂಬಿದ ಕೊಡಪಾನ ಎತ್ಯಾರ. ನಾನ ಕಣ್ಣಾರೆ ನೋಡೀನಿ.”

“ಕಲಿಸಿದವ ನಾನ್ರಿ,” ಎಂದ ದುರ್ಗೇಶ.

ಡಾಕ್ಟರಮ್ಮ ಇಬ್ಬರಿಗೂ ವಂದನೆ ಹೇಳಿ, ‘ಕೆಲಸಕ್ಕೆ ಯೋಗ್ಯ’ ಎಂದು ಬರೆದು ಸಹಿ ಮಾಡಿದರು.

ಸಂಜೆ ಕಚೇರಿಯಲ್ಲಿ ಆದೇಶ ತಯಾರಿತ್ತು. ಫ್ಯಾನಿನ ಕೆಳಗಿನ ಕುರ್ಚಿಯ ಮೇಲೆ ಆಗಲೇ ಮಾರೇಶ ಎಂಬ ಸಹೋದ್ಯೋಗಿಯ ಟವೆಲ್ಲು ಬಿದ್ದಿತ್ತು.

ಮನೆಗೆ ಬಂದ ಸತ್ಯಾತ್ಮನನ್ನು ಕಟ್ಟೆಯ ಮೇಲೆ ಕೂತಿದ್ದ ದುರ್ಗೇಶ ತಡೆದ. “ಎಲ್ಲಿಗೆ ಹಾಕಿದ್ರು ಸತ್ಯಣ್ಣಾರ?”

“ತೆಕ್ಕಲಕೋಟಿ. ಎಲ್ಲಾ ನಿಮ್ಮ ಪುಣ್ಯ. ನಾಳಿಂದ ಬಸ್ಸು ಹುಡುಕಬೇಕು.”

ದುರ್ಗೇಶನ ಮುಖ ಅರಳಿತು. “ಬಸ್ಸ್ಯಾಕ್ರಿ? ನನ್ನ ಸಾಲಿ ಇರೋದು ಅಲ್ಲೇ. ನನ್ನ ಹಿಂದ ಕುಂದರ್ರಿ. ಇಷ್ಟು ದಿನ ಒಬ್ಬನ ಹೋಗ್ತಿದ್ದೆ, ತಿಳಕೊಂಡದ್ದು ಹೇಳಾಕ ಒಬ್ಬರೂ ಇರಲಿಲ್ಲ.”

ಬೇಡವೆನ್ನಲು ಸತ್ಯಾತ್ಮ ಬಾಯಿ ತೆರೆದ. ಒಳಗಿನಿಂದ ಅಂಬುಜಮ್ಮ, “ಮೇಷ್ಟ್ರು ಒಳ್ಳೇವರು, ಹೋಗೋ. ಈಗ ಎತ್ತಾಕ ಬೇರೆ ಬಂತು, ನಾಳಿಂದ ನೀರು ಎರಡು ಕೊಡ ತಂದಿಟ್ಟು ಹೋಗು,” ಎಂದರು.

ಮರುದಿನ ಊರು ದಾಟುವುದರೊಳಗೆ ದುರ್ಗೇಶನ ಪಾಠದಲ್ಲಿ ಕುತ್ತಿಗೆಯ ಮೂಳೆ ಮುಗಿಯಿತು. ಸಿರಿಗೇರಿ ಕ್ರಾಸಿಗೆ ಬರುವಾಗ ಭುಜದಲ್ಲಿದ್ದರು. ಅಲ್ಲಿ ಒಂದು ಹಂಪ್ ಬಂತು. ಸತ್ಯಾತ್ಮ ಕೂಗಿದ.

ದುರ್ಗೇಶ ತಿರುಗಿ ನೋಡಲಿಲ್ಲ. “ನಡದ ವಿಷಯ ಸಂಜಿಗೆ ಬರತೈತ್ರಿ. ಅಲ್ಲೀತನಕ ನೆಟ್ಟಗ ಕುಂದರ್ರಿ,” ಎಂದ.