ಮಾಸ್ಟರ ಕಣ್ಣಳತೆ

ಟೈಲರ್ ಮಾಸ್ಟರ ಕೋಪಕ್ಕೆ ಕಾರಣ ಇಷ್ಟೇ: ತಮ್ಮ ರಕ್ತದ ಗುಂಪು ಯಾವುದೆಂದು ಅವರೇ ಬಾಯಿಬಿಟ್ಟು ಹೇಳಿದ ಮೇಲೂ ಲ್ಯಾಬಿನ ಮೇಡಂ ನಂಬಲಿಲ್ಲ.

ನಾಳಿದ್ದು ಹೆಂಡತಿಗೆ ಆಪರೇಷನ್. ಹೊಟ್ಟೆಯೊಳಗಿನ ಗೆಡ್ಡೆ ತೆಗೆಯಬೇಕು, ರಕ್ತ ಹೋಗಬಹುದು, ಒಂದು ಬಾಟಲಿಯಾದರೂ ಸಿದ್ಧವಿರಲಿ ಎಂದು ಡಾಕ್ಟರು ಹೇಳಿದಾಗಿನಿಂದ ಮಾಸ್ಟರಿಗೆ ಒಳಗೊಳಗೇ ಅಳುಕು. ಆದರೆ ಹೆದರಿಕೆಯನ್ನು ತೋರಿಸಿಕೊಳ್ಳುವವರ ಪೈಕಿ ಅವರಲ್ಲ. ಇಬ್ಬರದೂ ಬಿ ಪಾಸಿಟಿವ್, ಅವಳಿಗೆ ಬೇಕಾದ್ದು ನನ್ನ ಮೈಯಲ್ಲೇ ಇದೆ ಎಂದು ವಾರ್ಡಿನ ಹನ್ನೆರಡು ಮಂಚಗಳಿಗೂ ಕೇಳುವಂತೆ ಘೋಷಿಸಿ, ತೋಳು ಮಡಚಿಕೊಂಡು ದಂಡಯಾತ್ರೆ ಹೊರಟಿದ್ದರು.

ಲ್ಯಾಬಿನ ಮೇಡಂ ದಪ್ಪ ಕನ್ನಡಕದವರು, ಮಾತು ಕಡಿಮೆ. ಮಾಸ್ಟರ ಗುರುತಿನ ಚೀಟಿಯಲ್ಲಿ ‘ಬಿ ಪಾಸಿಟಿವ್’ ಎಂದು ಅಚ್ಚಾಗಿದ್ದನ್ನು ನೋಡಿ ಪಕ್ಕಕ್ಕಿಟ್ಟರು. ಬೆರಳು ಕೊಡಿ ಎಂದರು.

“ಅದರಲ್ಲೇ ಬರೆದಿದೆಯಲ್ಲಮ್ಮ.”

ಮೇಡಂ ಮಾಸ್ಟರ ಕೊರಳಲ್ಲಿ ನೇತಾಡುತ್ತಿದ್ದ ಅಳತೆಯ ಟೇಪನ್ನು ನೋಡಿದರು. “ಹಳೇ ಗಿರಾಕಿ ಬಂದ್ರೆ ಹಳೇ ಅಳತೆಗೇ ಬಟ್ಟೆ ಕತ್ತರಿಸ್ತೀರಾ ಮಾಸ್ಟ್ರೇ?”

ಮಾಸ್ಟರ ಅಂಗಡಿಯ ಹೆಸರು ನಿಂತಿದ್ದೇ ಅದರ ಮೇಲೆ. ನಿನ್ನೆ ಅಳತೆ ಕೊಟ್ಟವನು ಇವತ್ತು ಬಂದರೂ ಟೇಪು ಹಿಡಿಯದೆ ಅವರು ಕತ್ತರಿ ಮುಟ್ಟುವವರಲ್ಲ. ತೆಪ್ಪಗೆ ಬೆರಳು ಕೊಟ್ಟರು.

ಬಿಳಿ ತಟ್ಟೆಯ ಮೇಲೆ ಮೂರು ಹನಿ ರಕ್ತ, ಒಂದೊಂದಕ್ಕೂ ಬೇರೆ ಬೇರೆ ಸೀಸೆಯ ಒಂದು ಹನಿ ದ್ರವ. ಮೇಡಂ ಕಡ್ಡಿಯಿಂದ ಕಲಸಿ ತಟ್ಟೆಯನ್ನು ಮೆಲ್ಲಗೆ ಓಲಾಡಿಸಿದರು. ಮೊದಲನೆಯದೂ ಮೂರನೆಯದೂ ಒಡೆದ ಹಾಲಿನಂತೆ ಗಂಟುಗಂಟಾದವು, ನಡುವಿನದು ನುಣ್ಣಗೇ ಉಳಿಯಿತು. ಎ ಪಾಸಿಟಿವ್ ಎಂದರು.

ಮಾಸ್ಟರು ಜಗಳಕ್ಕೇ ನಿಂತರು. ಇಪ್ಪತ್ತಾರು ವರ್ಷ ಒಂದೇ ಮನೆ, ಒಂದೇ ಒಲೆ, ರಕ್ತ ಮಾತ್ರ ಬೇರೆಯಾಗುವುದು ಹೇಗೆ? (ನಿಜ ಹೇಳಬೇಕೆಂದರೆ, ಗುರುತಿನ ಚೀಟಿಯ ಅರ್ಜಿಯಲ್ಲಿ ರಕ್ತದ ಗುಂಪಿನ ಜಾಗ ಖಾಲಿ ಬಿಟ್ಟರೆ ಚೆನ್ನಾಗಿರುವುದಿಲ್ಲವೆಂದು ಹೆಂಡತಿಯದನ್ನೇ ಬರೆದು ಕೊಟ್ಟಿದ್ದರು.) ಮೇಡಂ ವಾದಕ್ಕಿಳಿಯಲಿಲ್ಲ. ಹೊಸ ಹನಿ ತೆಗೆದು ಮತ್ತೊಮ್ಮೆ ನೋಡಿದರು. ಮತ್ತೆ ಎ.

“ನಿಮ್ಮ ರಕ್ತ ಅವರಿಗೆ ಕೊಟ್ಟಿದ್ರೆ, ಇಲ್ಲಿ ಗಂಟು ಕಟ್ಟಿದ ಹಾಗೆ ಅವರ ಮೈಯೊಳಗೂ ಕಟ್ಟೋದು. ಜೀವ ಉಳಿಯೋದೇ ಕಷ್ಟ.”

ಮಾಸ್ಟರು ಕುರ್ಚಿ ಹುಡುಕಿಕೊಂಡು ಕುಳಿತರು. ಮೇಡಂ ಫ್ರಿಜ್ಜಿನಿಂದ ಯಾರೋ ಪುಣ್ಯಾತ್ಮರು ಕೊಟ್ಟಿದ್ದ ಬಿ ಗುಂಪಿನ ರಕ್ತ ತಂದರು. ಅದರ ಮೇಲೆ ಅಂಟಿಸಿದ್ದ ಚೀಟಿಯನ್ನೂ ನಂಬಲಿಲ್ಲ! ಅದರದೊಂದಿಷ್ಟನ್ನು ಮೊದಲೇ ತೆಗೆದಿಟ್ಟಿದ್ದ ಹೆಂಡತಿಯ ರಕ್ತದ ತಿಳಿಯೊಂದಿಗೆ ಬೆರೆಸಿ, ಕಾದು, ಗಂಟು ಕಟ್ಟಿಲ್ಲವೆಂದು ಬೆಳಕಿಗೆ ಹಿಡಿದು ನೋಡಿದ ಮೇಲೆಯೇ ಸಹಿ ಹಾಕಿದರು. ಮಾಸ್ಟರಿಗೆ ಕೈ ಮುಗಿಯಬೇಕೆನಿಸಿತು. ಮುಗಿದೂಬಿಟ್ಟರು. ತಮ್ಮ ರಕ್ತವನ್ನು ಬೇರೆ ಯಾರಿಗಾದರೂ ಆಗಲಿ ಎಂದು ಕೊಟ್ಟು ಬಂದರು.

ಆಪರೇಷನ್ ಸುಸೂತ್ರವಾಯಿತು. ನಾಲ್ಕನೆಯ ದಿನ ಹೆಂಡತಿ ದಿಂಬಿಗೊರಗಿ ಕುಳಿತಾಗ, ಮಾಸ್ಟರು ವಾರ್ಡಿಗೆಲ್ಲ ಮೇಡಂ ಗುಣಗಾನ ನಡೆಸಿದ್ದರು. ಹೆಂಡತಿ ಪೂರ್ತಿ ಕೇಳಿಸಿಕೊಂಡಳು.

“ಅಷ್ಟು ಸಲ ನೋಡಿದ್ರಾ?”

“ಬರೆದಿದ್ದನ್ನೂ ನಂಬಲಿಲ್ಲ ಕಣೇ. ಕೆಲಸ ಅಂದ್ರೆ ಅದು.”

“ಹಾಗಾದ್ರೆ ನನ್ನ ರವಿಕೆಗೆ ನೀವು ಅಳತೆ ತಗೊಂಡಿದ್ದು ಯಾವತ್ತು?”

ಮಾಸ್ಟರು ಕೊರಳಿನ ಟೇಪನ್ನು ಸವರಿಕೊಂಡರು. ಮದುವೆಯಾದ ಹೊಸದರಲ್ಲಿ ಟೇಪು ಹಿಡಿಯಲು ನಾಚಿಕೆಯಾಗಿ ಕಣ್ಣಂದಾಜಿನಲ್ಲೇ ಅಳತೆಯ ಪುಸ್ತಕದಲ್ಲಿ ಬರೆದುಕೊಂಡಿದ್ದರು. ಅಂದಿನಿಂದ ಅದೇ ಲೆಕ್ಕ. ರವಿಕೆ ಬಿಗಿಯಾದಾಗಲೆಲ್ಲ ನೀನು ದಪ್ಪಗಾದೆ ಎನ್ನುತ್ತಿದ್ದರು. ಪಾಪ, ಅವಳು ಅರ್ಧ ಹೊಟ್ಟೆ ಉಣ್ಣುತ್ತಿದ್ದಳು.

“ಮೈ ದಪ್ಪ ಆದ್ರೂ ಭುಜದ ಅಗಲ ಬದಲಾಗಲ್ಲ ಅಂತ ಗಿರಾಕಿಗಳಿಗೆ ಹೇಳ್ತೀರಲ್ಲ. ಭುಜಾನೇ ಅಳೀರಿ.”

ಅಳೆದರು. ಪುಸ್ತಕದಲ್ಲಿ ಬರೆದದ್ದಕ್ಕಿಂತ ಎರಡಿಂಚು ಹೆಚ್ಚು. ಟೇಪು ಜಾರಿರಬೇಕೆಂದು ಇನ್ನೊಮ್ಮೆ ಅಳೆದರು. ಮತ್ತೆ ಅದೇ ಎರಡಿಂಚು. ಉಳಿದ ಹನ್ನೊಂದು ಮಂಚಗಳೂ ಉಸಿರು ಬಿಗಿಹಿಡಿದು ನೋಡುತ್ತಿದ್ದವು.

ರಕ್ತ ತೆಗೆಯಲು ಬಂದಿದ್ದ ಮೇಡಂ ಬಾಗಿಲಲ್ಲೇ ನಿಂತು ಕನ್ನಡಕ ಸರಿಪಡಿಸಿಕೊಂಡರು. “ಇನ್ನೊಂದ್ಸಲ ನೋಡಿಬಿಡಿ ಮಾಸ್ಟ್ರೇ.”

ಹೆಂಡತಿ ಹೊಟ್ಟೆಯ ಹೊಲಿಗೆ ಹಿಡಿದುಕೊಂಡು ನಗತೊಡಗಿದಳು. ಮಾಸ್ಟರು ತಲೆ ಎತ್ತದೆ ಮೂರನೆಯ ಸಲ ಟೇಪು ಹಿಡಿದರು.