ಬ್ಲಾಗಿಗೆ ಬೀಗ ಹಾಕಿದವರು

ಸಿಟ್ಟು ಮಾಡಿಕೊಳ್ಳಬಾರದು ಎಂದು ದಿನಾ ಬೆಳಿಗ್ಗೆ ಶಹಾಪುರದಲ್ಲಿ ಬಸ್ ಹತ್ತುವಾಗ ಗಟ್ಟಿ ಮನಸ್ಸು ಮಾಡುತ್ತೇನೆ. ಶಾಲೆಯ ಗೇಟು ದಾಟುವಷ್ಟರಲ್ಲಿ ಯಾರೋ ಒಬ್ಬರು ಅದನ್ನು ಕೆಡಿಸಿರುತ್ತಾರೆ. ತಪ್ಪು ನನ್ನದಲ್ಲ. ಸುರಪುರದ ದಾರಿಯಲ್ಲಿರುವ ನಮ್ಮ ಹಳ್ಳಿಯ ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವರು ಯಾರೇ ಆಗಿದ್ದರೂ ಹೀಗೇ ಆಗುತ್ತಿತ್ತು. ಅದರಲ್ಲೂ ಎಂಟನೇ ತರಗತಿಯ ಮಕ್ಕಳಿಗೆ ಬ್ಲಾಗ್ ಬರೆಯಲು ಕಲಿಸುತ್ತೇನೆಂದು ಹೊರಟ ವರ್ಷ ನನ್ನ ರಕ್ತ ಕುದಿಯದ ದಿನವೇ ಇರಲಿಲ್ಲ. ಮಕ್ಕಳು ಬರೆದದ್ದನ್ನು ಇಂಟರ್ನೆಟ್ಟಿಗೆ ಹಾಕುವುದು, ಬೇಕಾದವರು ಎಲ್ಲಿಂದಾದರೂ ಓದುವುದು, ಇಷ್ಟೇ. ಇದರಲ್ಲಿ ಜಗಳಕ್ಕೇನಿದೆ ಎಂದುಕೊಂಡಿದ್ದೆ.

ಹಾರ

"ಉದ್ಘಾಟನಾ ಆಗಲಾರದ ಹ್ಯಾಂಗ ಶುರು ಮಾಡ್ತೀರಿ ಮೇಡಂ? ನಾಳಿ ಯಾರರ ಕೇಳಿದ್ರ?" ಎಂದರು ನಮ್ಮ ಹೆಡ್‌ಮಾಸ್ತರರು. ಅವರು ಗುರುಮಠಕಲ್ ಕಡೆಯವರು, ನಿವೃತ್ತಿಗೆ ಹತ್ತಿರ ಬಂದವರು. ಯಾರಾದರೂ ಏನಾದರೂ ಕೇಳಿಬಿಟ್ಟಾರು ಎಂಬುದೊಂದೇ ಅವರ ಹೆದರಿಕೆ.

ಊರಿನ ಹಿರಿಯರೊಬ್ಬರು ಮುಖ್ಯ ಅತಿಥಿ. ಬೆಳಿಗ್ಗೆ ಬರಬೇಕಾದವರು ಊಟದ ಹೊತ್ತಿಗೆ ಬಂದರು. ಅಲ್ಲಿಯವರೆಗೂ ಮಕ್ಕಳನ್ನು ಬಿಸಿಲಿನಲ್ಲಿ ಕೂರಿಸಿದ್ದರು. ಬಂದವರೇ "ಎಲ್ಲದ ಬ್ಲಾಗು?" ಎಂದರು. ಅಂಗಳದ ಮೇಜಿನ ಮೇಲೆ ತಂದಿಟ್ಟಿದ್ದ ಕಂಪ್ಯೂಟರ್ ತೋರಿಸುವಷ್ಟರಲ್ಲಿ ಕರೆಂಟು ಹೋಯಿತು. ಹಿರಿಯರು ಆ ಕಪ್ಪು ಪರದೆಯನ್ನೇ ಭಕ್ತಿಯಿಂದ ನೋಡಿ, ಕುಂಕುಮ ಹಚ್ಚಿ, ನಾವು ಅವರಿಗೆ ಹಾಕಿದ್ದ ಹಾರವನ್ನು ತೆಗೆದು ಅದಕ್ಕೆ ಹಾಕಿ, ಊದಿನಕಡ್ಡಿ ಬೆಳಗಿ, ಕಣ್ಣು ಮುಚ್ಚಿ ನಿಂತರು. ಹೆಡ್‌ಮಾಸ್ತರರೂ ಕೈಮುಗಿದರು. ಮಕ್ಕಳೆಲ್ಲ ಎದ್ದು ಕೈಮುಗಿದರು. ಮುಂದಿನ ಸಾಲಿನ ಹುಡುಗಿಯೊಬ್ಬಳು ನನ್ನ ಸೆರಗು ಎಳೆದು ಮೆಲ್ಲಗೆ ಕೇಳಿದಳು:

"ಟೀಚರ್‌ರೀ, ಪಾಪ, ಯಾವಾಗ ತೀರಿಕೊಂಡ್ರೀ?"

ಹೂದೋಟ

"ನಿನ್ನೆ ಕಣ್ಣಾರೆ ಕಂಡದ್ದನ್ನು ಬರೆದುಕೊಂಡು ಬನ್ನಿ" ಎಂದು ಹೇಳಿ ಕಳಿಸಿದ್ದೆ. ಮರುದಿನ ಇಡೀ ತರಗತಿ ಒಂದೇ ಬರಹ ತಂದಿತು. "ನಮ್ಮ ಮನೆಯ ಮುಂದೆ ಸುಂದರವಾದ ಹೂದೋಟವಿದೆ. ಅಲ್ಲಿ ಬಣ್ಣಬಣ್ಣದ ಚಿಟ್ಟೆಗಳು ನಲಿಯುತ್ತವೆ." ಗೈಡಿನ ಪ್ರಬಂಧ! ಈ ಗೈಡು ಬರೆಯುವವರು ಒಮ್ಮೆ ನನ್ನ ಕೈಗೆ ಸಿಗಬೇಕು.

ಎದುರಿಗಿದ್ದ ಹುಡುಗನನ್ನು ನಿಲ್ಲಿಸಿದೆ. "ನಿಮ್ಮ ಮನಿ ಮುಂದ ಏನದ?"

"ತಿಪ್ಪಿ ಅದರಿ."

"ಹೂದೋಟ?"

"ಇಲ್ರಿ."

"ಮತ್ಯಾಕ ಬರದಿ?"

ಅವನಿಗೆ ನನ್ನ ದಡ್ಡತನ ನೋಡಿ ಮರುಕ ಬಂದಿರಬೇಕು. "ಬರಿಯೂದಂದ್ರ ಇರಲಾರದ್ದು ಬರಿಯೂದಲ್ರೀ ಟೀಚರ್?"

ಕಾಲುವೆಯ ದಾರಿ

ಮೂರು ವಾರ ಬೈದೆ, ಗೈಡುಗಳನ್ನು ಕಸಿದುಕೊಂಡೆ. ಕೊನೆಗೆ ಒಬ್ಬಳು ಬರೆದಳು. ಕಾಲುವೆಯ ತುದಿಯಲ್ಲಿರುವ ಹಳ್ಳಿಯಿಂದ ನಡೆದು ಬರುವ ಹುಡುಗಿ. ತರಗತಿಯಲ್ಲಿ ಬಾಯಿಯನ್ನೇ ತೆರೆಯದವಳು.

"ನಮ್ಮೂರಿಗೆ ಕೆನಾಲ್ ಬಂದದ. ನೀರು ಇನ್ನಾ ಬಂದಿಲ್ಲ. ಮ್ಯಾಲಿನ ಊರವರು ಭತ್ತಕ್ಕ ತಿರುವಿಕೊಂತಾರ. ನಾವು ಕೆನಾಲಿನಾಗ ಇಳದು ನಡಕೋತ ಸಾಲಿಗೆ ಬರ್ತೀವಿ. ಅಲ್ಲಿ ನೆಳ್ಳು ಇರ್ತದ. ನಮ್ಮ ಆಡು ಅಲ್ಲೇ ಮಲಗತಾವ."

ಒಂದಕ್ಷರ ತಿದ್ದದೆ ಬ್ಲಾಗಿಗೆ ಹಾಕಿದೆ. ಅಂದು ಮನೆಗೆ ಹೋಗುವಾಗ ಬಸ್ಸಿನಲ್ಲಿ ನಿಂತೇ ಹೋದರೂ ನನಗೆ ಯಾರ ಮೇಲೂ ಸಿಟ್ಟಿರಲಿಲ್ಲ. ಕಂಡಕ್ಟರ್ ಗಾಬರಿಯಾಗಿ, "ಆರಾಮ ಅದೀರಿಲ್ರೀ ಮೇಡಂ?" ಎಂದು ಕೇಳಿದ.

ಬೀಗ

ಆ ಬರಹವನ್ನು ಯಾರೋ ಕಾಲುವೆ ನೋಡಿಕೊಳ್ಳುವ ಸಾಹೇಬರಿಗೆ ಮೊಬೈಲಿನಲ್ಲಿ ತೋರಿಸಿದರು. ಸಾಹೇಬರು ಹೆಡ್‌ಮಾಸ್ತರರಿಗೆ ಫೋನ್ ಹಚ್ಚಿ ಕೂಗಾಡಿದರು. ಹೆಡ್‌ಮಾಸ್ತರರು ಬೆವರುತ್ತ ಲ್ಯಾಬಿಗೆ ಓಡಿಬಂದು, ಕಂಪ್ಯೂಟರಿನ ವೈರು ಕಿತ್ತು, ಅದನ್ನು ಎತ್ತಿಕೊಂಡು ಹೋಗಿ, ಬಿಸಿಯೂಟದ ಎಣ್ಣೆ ಇಡುವ ಅಲಮಾರಿಯಲ್ಲಿಟ್ಟು ಬೀಗ ಜಡಿದರು. "ಬಂದ್ ಮಾಡೀನ್ರಿ ಸಾಹೇಬ್ರ. ಕೀಲಿ ಖುದ್ದ ನನ್ನ ಕಿಸೆದಾಗೇ ಅದ" ಎಂದು ಫೋನಿನಲ್ಲಿ ವರದಿ ಒಪ್ಪಿಸಿದರು. ಬೀಗ ಹಾಕಿದರೆ ಬ್ಲಾಗು ಹೋಗುವುದಿಲ್ಲ ಎಂದು ಹೇಳಲು ಬಾಯಿ ತೆರೆದೆ. ನಂತರ ಯಾಕೆ ಹೇಳಲಿ ಎನ್ನಿಸಿ ಮುಚ್ಚಿಕೊಂಡೆ.

ಎರಡು ದಿನಕ್ಕೆ ಮತ್ತೆ ಫೋನು. "ಬೀಗ ಹಾಕೀನಿ ಅಂದ್ರಿ, ಇಲ್ಲಿ ಇನ್ನಾ ಕಾಣ್ಲಿಕತ್ತದಲ್ರೀ!" ಹೆಡ್‌ಮಾಸ್ತರರು ಓಡಿಹೋಗಿ ಬೀಗ ಜಗ್ಗಿ ನೋಡಿದರು.

"ಬೀಗ ಗಟ್ಟಿ ಅದರಿ ಸಾಹೇಬ್ರ. ಕಿಟಕಿಲಿಂದ ಹೋಗಿರಬೇಕು!"

ಸುಳ್ಳು

ಇಲ್ಲಿಯವರೆಗೆ ನಗಬಹುದಿತ್ತು. ಮುಂದಿನದು ನಗುವ ಮಾತಾಗಿರಲಿಲ್ಲ. ಸೋಮವಾರದ ಪ್ರಾರ್ಥನೆಯಲ್ಲಿ ಎಲ್ಲರ ಮುಂದೆ ನಿಂತು, "ನಾನು ಬರೆದದ್ದು ಸುಳ್ಳು" ಎಂದು ಆ ಹುಡುಗಿ ಹೇಳಬೇಕು, ಇಲ್ಲವಾದರೆ ಟಿ.ಸಿ. ಕೊಟ್ಟು ಕಳಿಸಬೇಕು ಎಂದು ಸಾಹೇಬರ ಹುಕುಂ. ಹೆಡ್‌ಮಾಸ್ತರರು ಒಪ್ಪಿಯೂ ಬಿಟ್ಟಿದ್ದರು. ಹುಡುಗಿ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಅಳುತ್ತ, "ಟೀಚರ್‌ರೀ, ನಮ್ಮ ಆಡು ಸುಳ್ಳೇನ್ರಿ?" ಎಂದಳು.

ನನಗೆ ತಡೆಯಲಾಗಲಿಲ್ಲ. ಹೆಡ್‌ಮಾಸ್ತರರ ಟೇಬಲ್ ಗುದ್ದಿದೆ. "ಆಕಿ ನಿಂತ್ರ ಬಾಜೂಕ ನಾನೂ ನಿಲ್ತೀನ್ರಿ. ಆದ್ರ ನಾ ಖರೇನ ಹೇಳ್ತೀನಿ. ನನಗೂ ಟಿ.ಸಿ. ಕೊಡ್ರಿ!" ಮಾಸ್ತರಿಕೆಗೆ ಟಿ.ಸಿ. ಇರುವುದಿಲ್ಲ ಎಂಬುದು ಆ ಸಿಟ್ಟಿನಲ್ಲಿ ನನಗೂ ಹೊಳೆಯಲಿಲ್ಲ, ಅವರಿಗೂ ಹೊಳೆಯಲಿಲ್ಲ.

ಸಾಹೇಬರಿಗೆ ಹುಡುಗಿಯ ಬಾಯಲ್ಲಿ ಸುಳ್ಳು ಎನ್ನಿಸಿದರಷ್ಟೇ ಸಾಲದಾಗಿತ್ತು, ಮೇಲಧಿಕಾರಿಗಳಿಗೆ ಕಳಿಸಲು ನೀರು ಹರಿಯುವ ಫೋಟೋ ಬೇಕಿತ್ತು. ಅದಕ್ಕೆ ಭಾನುವಾರವೇ ಕಾಲುವೆಯ ಗೇಟು ಎತ್ತಿಸಿದರು. ಮೇಲಿನ ಊರವರು ನೀರು ತಿರುವಿಕೊಳ್ಳದಂತೆ ಕಾವಲಿಗೆ ಜನ ನಿಲ್ಲಿಸಿದರು. ಸೋಮವಾರ ಬೆಳಗಾಗುವಷ್ಟರಲ್ಲಿ, ಆಡು ಮಲಗುವ ಜಾಗದಲ್ಲಿ ಎದೆಮಟ್ಟ ನೀರು ಹರಿಯುತ್ತಿತ್ತು. ಸಾಹೇಬರು ಸುರಪುರದಿಂದ ಫೋಟೋದವನನ್ನು ಕರೆತಂದು, ಹುಡುಗಿಯನ್ನು ಕಾಲುವೆಯ ದಂಡೆಯ ಮೇಲೆ ನಿಲ್ಲಿಸಿದರು. ನಾನು ಆಕೆಯ ಪಕ್ಕದಲ್ಲೇ ನಿಂತೆ.

"ನೋಡು, ನೀರು ಬಂದಾವೋ ಇಲ್ಲೋ?"

"ಬಂದಾವ್ರಿ."

"ಹಂಗಾರ ನೀ ಬರದದ್ದು ಸುಳ್ಳು, ಹೌದಿಲ್ಲೋ?"

ನಾನು ಬಾಯಿ ತೆರೆಯುವ ಮೊದಲೇ ಹುಡುಗಿ ಕಣ್ಣೊರೆಸಿಕೊಂಡು ಹೇಳಿದಳು: "ಇವತ್ತ ಹೌದ್ರಿ."

ಸಾಹೇಬರಿಗೆ "ಹೌದ್ರಿ" ಒಂದೇ ಕೇಳಿಸಿತು. ಗೆದ್ದ ಮುಖದಲ್ಲಿ ಜೀಪು ಹತ್ತಿದರು. ಪ್ರಾರ್ಥನೆಯೂ ಬೇಡ, ಟಿ.ಸಿ.ಯೂ ಬೇಡ ಎಂದರು. ಅವರ ಜೀಪು ಮರೆಯಾಗುವಷ್ಟರಲ್ಲಿ ಹುಡುಗಿಯ ಊರಿಗೆ ಊರೇ ಸಲಿಕೆ ಹಿಡಿದು ಹೊಲಕ್ಕೆ ನೀರು ತಿರುವಿಕೊಂಡಿತ್ತು.

ಆ ವಾರವೇ ಒಂದು ಮಧ್ಯಾಹ್ನ, ರುಮಾಲು ಸುತ್ತಿದ ನಾಲ್ಕೈದು ಮಂದಿ ಹಿರಿಯರು ಶಾಲೆಯೊಳಗೆ ಬಂದರು. ಪಕ್ಕದ ಕಾಲುವೆಯ ತುದಿಯ ಊರಿನವರು. ಇನ್ನೊಂದು ಜಗಳ ಬಂತು ಎಂದು ನಾನು ಸೆರಗು ಬಿಗಿದು ಎದುರಿಗೆ ಹೋಗಿ ನಿಂತೆ. ಅವರಲ್ಲಿ ಹಿರಿಯ ಮುತ್ಯಾ ಕೈಮುಗಿದು ಹೇಳಿದ:

"ಯವ್ವಾ, ನಮ್ಮೂರ ಮ್ಯಾಲೂ ಒಂದು ಸುಳ್ಳು ಬರಸ್ರಿ. ಹೊಲ ಒಣಗಲಿಕತ್ತಾವ."